ಕಂಡದ್ದನ್ನು ಹೇಳುತ್ತಾ ಓಡಿಸುವುದು

ಬೇರೆಯವರು ಓಡಿಸುವ ಗಾಡಿಯಲ್ಲಿ ನನಗೆ ಕೂರಲು ಬರುವುದಿಲ್ಲ. ಕೂತರೆ ಬಲಗಾಲು ಸುಮ್ಮನಿರುವುದಿಲ್ಲ, ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಆಟೋದವರು ಕನ್ನಡಿಯಲ್ಲಿ ನೋಡಿ "ಏನ್ ಮೇಡಂ, ಇಲ್ಲೇ ಇಳೀತೀರಾ?" ಎಂದು ಕೇಳಿದ್ದಿದೆ. ಬಸ್ಸಿನಲ್ಲೂ ಅಷ್ಟೇ. ಮುಂದಿನ ಗಾಜು ಕಾಣುವ ಸೀಟೇ ಬೇಕು, ಡ್ರೈವರ್ ನೋಡುವುದನ್ನೆಲ್ಲ ನಾನೂ ನೋಡಬೇಕು. ಹುಟ್ಟುತ್ತಲೇ ಹೀಗಿರಲಿಲ್ಲ, ಕೆಲಸಕ್ಕೆ ಸೇರಿ ಅಂಟಿಸಿಕೊಂಡ ಕಾಟ ಇದು.

ವೈಟ್‌ಫೀಲ್ಡ್ ಕಡೆಯ ಆಫೀಸುಗಳ ಹೆಣ್ಣುಮಕ್ಕಳನ್ನು ಕರೆತಂದು ಮನೆಗೆ ಬಿಡುವ ಕ್ಯಾಬ್ ಓಡಿಸುತ್ತೇನೆ. ಸೇರಿದ ಹೊಸದರಲ್ಲಿ ನಮ್ಮನ್ನೆಲ್ಲ ಒಂದು ಶೆಡ್ಡಿನಲ್ಲಿ ಕೂರಿಸಿ ಡಿಫೆನ್ಸಿವ್ ಡ್ರೈವಿಂಗ್ ಎಂದು ತರಬೇತಿ ಕೊಟ್ಟರು. ಹೆಸರು ದೊಡ್ಡದು, ವಿಷಯ ಇಷ್ಟೇ: ರಸ್ತೆಯ ಮೇಲಿರುವ ಪ್ರತಿಯೊಬ್ಬನೂ ಈಗ ತಪ್ಪು ಮಾಡುತ್ತಾನೆ ಎಂದುಕೊಂಡೇ ಓಡಿಸಬೇಕು, ಅವನು ಮಾಡಿದಾಗ ನಮಗೆ ನಿಲ್ಲಲು ಜಾಗ ಇರಬೇಕು. ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯ ಹಿಂದಿನ ಚಕ್ರ ನೆಲಕ್ಕೆ ತಾಗುವುದು ಕಾಣುವಷ್ಟು ದೂರ ನಿಲ್ಲಬೇಕು. ಹಾರ್ನ್ ಹೊಡೆದರೆ ಸಾಲದು, ಎದುರಿನವನು ನಮ್ಮನ್ನು ನೋಡಿದನೇ ಎಂದು ಅವನ ಮುಖ ನೋಡಬೇಕು. ಇವೆಲ್ಲ ಸರಿ, ಒಪ್ಪಿಕೊಂಡೆ. ಆಮೇಲೆ ಗಾಡಿ ರಸ್ತೆಗಿಳಿಸಿದಾಗ ತರಬೇತಿಯ ಮೇಷ್ಟ್ರು ನನ್ನ ಪಕ್ಕದಲ್ಲಿ ಕೂತು ಇನ್ನೊಂದು ಹೇಳಿದರು. "ಕಾಣೋದನ್ನೆಲ್ಲ ಬಾಯ್ಬಿಟ್ಟು ಹೇಳ್ತಾ ಓಡ್ಸಮ್ಮ. ನೀನು ಹೇಳ್ಲಿಲ್ಲ ಅಂದ್ರೆ ನೋಡ್ಲಿಲ್ಲ ಅಂತ ನಾನು ತಿಳ್ಕೊಳ್ತೀನಿ."

ನಾಚಿಕೆಯಿಂದ ಸಾಯುವಂತಾಯಿತು. "ಎಡಗಡೆ ನಿಂತಿರೋ ಆಟೋ, ಸಡನ್ನಾಗಿ ಬಲಕ್ಕೆ ಎಳೀಬೋದು. ಮುಂದೆ ಬಸ್ಸು, ಜನ ಇಳೀತಾರೆ. ನಾಯಿ, ದಾಟ್ಬೋದು, ದಾಟ್ದೇನೂ ಇರ್ಬೋದು." ಹಿಂದಿನ ಸೀಟಿನಲ್ಲಿ ಕೂತಿದ್ದ ಉಳಿದ ಡ್ರೈವರುಗಳು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ಒಬ್ಬೊಬ್ಬರ ಸರದಿಯೂ ಬಂತಲ್ಲ! ಅವರು ಶೆಡ್ಡು ದಾಟುತ್ತಲೇ ಅದನ್ನು ಮರೆತರು. ನನಗೆ ಮಾತ್ರ ಬಾಯಿಗೆ ಅಂಟಿಕೊಂಡುಬಿಟ್ಟಿತು. ಸ್ಕೂಟರಿನಲ್ಲಿ ಒಬ್ಬಳೇ ಹೋಗುವಾಗಲೂ ಹೆಲ್ಮೆಟ್ಟಿನೊಳಗೆ ಗೊಣಗುತ್ತೇನೆ. ಒಂದು ಮದುವೆ ಊಟದಲ್ಲಿ ಪಕ್ಕದವರಿಗೆ "ಎಡಗಡೆಯಿಂದ ಸಾರಿನ ಬಕೆಟ್ ಬರ್ತಿದೆ, ಸೀರೆ ಹುಷಾರು" ಎಂದು ಹೇಳಿ ನಗೆಪಾಟಲಾದೆ.

ಮನೆಯಲ್ಲಿ ಅಪ್ಪನ ಮುಂದೆ ಈ ತರಬೇತಿಯ ಮಾತೆತ್ತುವ ಹಾಗೇ ಇರಲಿಲ್ಲ. ನಮ್ಮದು ದೊಡ್ಡನೆಕ್ಕುಂದಿಯೇ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಆಫೀಸು ನಿಂತಿದೆ, ಉಳಿದ ಜಾಗದಲ್ಲಿ ಬಾಡಿಗೆ ಮನೆಗಳು. ಕೂತು ಉಣ್ಣಬಹುದು. ಆದರೆ ಕೂರುವುದೆಂದರೆ ಅಪ್ಪನಿಗೆ ಕಾಯಿಲೆ ಬಂದಂತೆ. ಹಿತ್ತಲಲ್ಲಿ ಹಸು ಕಟ್ಟಿಕೊಂಡು, ದಿನಾ ಬೆಳಿಗ್ಗೆ ಹಳೆಯ ವ್ಯಾನಿನಲ್ಲಿ ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಿಗೆ ಹಾಲು ಹಾಕಿ ಬರುತ್ತಿದ್ದ. ಟ್ರ್ಯಾಕ್ಟರು, ಲಾರಿ ಎಲ್ಲ ಓಡಿಸಿದವನು. ನನಗೆ ಸ್ಟೇರಿಂಗು ಕೊಟ್ಟವನೂ ಅವನೇ, ಅದೇ ಹೊಲದಲ್ಲಿ. "ಡಿಫೆನ್ಸೂ ಇಲ್ಲ, ಗಿಫೆನ್ಸೂ ಇಲ್ಲ. ಇವತ್ತಿನವರ್ಗೂ ಒಂದ್ ಕೋಳೀಗೂ ಗುದ್ದಿಲ್ಲ ಕಣವ್ವ ನಾನು" ಎನ್ನುತ್ತಿದ್ದ. ನಿಜ, ಗುದ್ದಿರಲಿಲ್ಲ.

ವ್ಯಾನಿನಲ್ಲಿ ಅವ್ವ ಯಾವಾಗಲೂ ಅವನ ಪಕ್ಕದಲ್ಲಿ. ಹಾಲು ಎತ್ತಿಕೊಂಡು ಹೋಗಿ ಕೊಡುವುದು ಅವಳ ಕೆಲಸ. ಆದರೆ ಹಿಂಡಿ ತರಲು ಹೋದರೂ, ಟೈರಿಗೆ ಗಾಳಿ ಹಿಡಿಸಲು ಹೋದರೂ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂರುತ್ತಿದ್ದಳು. ಕೂತು ಬಾಯಿ ಮುಚ್ಚುತ್ತಿರಲಿಲ್ಲ. ಅಗೋ ಬಸ್ಸು ಬಂತು, ಇಗೋ ಮಕ್ಕಳು ನಿಂತವೆ, ನಿಧಾನ ನಿಧಾನ. ನನಗೆ ಕೇಳಿ ಕೇಳಿ ರೇಗುತ್ತಿತ್ತು. "ಅವ್ವಾ, ಓಡ್ಸೋರ ತಲೆ ತಿನ್ಬಾರ್ದು. ನಮ್ಗೆ ಟ್ರೇನಿಂಗ್‌ನಲ್ಲೇ ಹೇಳಿದಾರೆ" ಎಂದು ನಾನು ದೊಡ್ಡದಾಗಿ ಪಾಠ ಮಾಡುತ್ತಿದ್ದೆ. ಅವಳು "ಆಯ್ತು ಬಿಡವ್ವ, ದೊಡ್ ಮೇಷ್ಟ್ರು ನೀನು" ಎಂದು ಹೇಳಿ, ಮಾರನೆಯ ದಿನ ಮತ್ತೆ ಅದನ್ನೇ ಮಾಡುತ್ತಿದ್ದಳು.

ಒಂದು ಸಲ ಅವ್ವನ ಕಾಲು ಉಳುಕಿತು. ನನಗೆ ರಜೆಯಿತ್ತು, ನಾನು ಹಾಲಿಗೆ ಹೋಗುತ್ತೇನೆಂದೆ. ಅವ್ವ ಕುಂಟುತ್ತಾ ಬಾಗಿಲ ತನಕ ಬಂದಳು. "ಬ್ಯಾಡ, ನಾನೇ ಓಗ್ತೀನಿ. ಸುಮ್ನೆ ಕೂತ್ಕೊಂಡೇ ಇರ್ತೀನಲ್ಲ, ಕಾಲಿಗೇನಾಯ್ತದೆ?" ಗಂಡನನ್ನು ಬಿಟ್ಟು ಅರ್ಧ ದಿನ ಇರಲಾರಳು ಇವಳು ಎಂದು ನಾನು ನಕ್ಕು, ಅವಳನ್ನು ಜಗಲಿಯ ಮೇಲೆ ಕೂರಿಸಿ ಹೊರಟೆ. ವ್ಯಾನು ತಿರುಗುವಾಗಲೂ ಅವಳು ಕೂಗುತ್ತಿದ್ದಳು. "ಮಾತಾಡ್ತಾ ಇರೇ ಅವ್ರ ಜೊತೆ! ಬಾಯ್ ಮುಚ್ಕೊಂಡ್ ಕೂರ್ಬ್ಯಾಡ!"

ಮುಖ್ಯರಸ್ತೆಗೆ ಬರುತ್ತಲೇ ನನ್ನ ಗೊಣಗಾಟ ತಾನಾಗಿ ಶುರುವಾಯಿತು. ಅಪ್ಪ ಕಣ್ಣರಳಿಸಿದ. "ಏನವ್ವ, ಮಂತ್ರ ಏಳ್ತಿದ್ದೀಯಾ?" ಮೇಷ್ಟ್ರು ಕಲಿಸಿದ್ದನ್ನು ವಿವರಿಸಿದೆ. "ಅಷ್ಟೇ ತಾನೆ? ನೀನ್ ಸುಮ್ಕಿರು, ನಾನ್ ಏಳ್ತೀನಿ. ಮಾರ್ಕ್ಸ್ ಆಕು" ಎಂದು ಅವನೇ ಶುರುಹಚ್ಚಿದ.

ಅಬ್ಬಾ, ಏನು ಚೆಂದ ಹೇಳಿದ! "ಮುಂದ್ಗಡೆ ನೀರಿನ ಟ್ಯಾಂಕರ್, ದಾರಿಯುದ್ದ ಸುರುಸ್ಕೊಂಡ್ ಓಗ್ತಾವ್ನೆ, ತರಿಸ್ಕೊಂಡೋನ್ ಗ್ರಾಚಾರ. ಬಲಗಡೆ ಎಳ್ನೀರ್ ಸೈಕಲ್ಲು. ಅಗಳಪ್ಪ ಮೊಬೈಲ್ ಮಾರಾಯ, ಕತ್ತು ಬಗ್ಗಿಸ್ಕೊಂಡ್ ಬತ್ತಾವ್ನೆ, ಇವ್ನು ಡಿವೈಡರ್ ಇಳೀತಾನೆ ನೋಡ್ತಿರು." ಆ ಮನುಷ್ಯ ಇಳಿದೇ ಇಳಿದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಶೆಡ್ಡಿನಲ್ಲಿ ಒಬ್ಬನೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ನೂರಕ್ಕೆ ನೂರು ಎಂದೆ.

ನಗುನಗುತ್ತಲೇ ನೋಡಿದೆ, ನನ್ನ ಕಿಟಕಿಯ ಪಕ್ಕದಲ್ಲಿ ಹೂವಿನ ಗಾಡಿಯೊಂದು ಒಂದು ಗೇಣು ಅಂತರದಲ್ಲಿ ಸರಿದುಹೋಯಿತು. ಅಪ್ಪ ಅದನ್ನು ಹೇಳಲಿಲ್ಲ. ಮುಂದೆ ಸ್ಕೂಲ್ ಬಸ್ಸಿಗೆ ಕಾಯುತ್ತಾ ಎಡಬದಿಯಲ್ಲಿ ಮಕ್ಕಳು ನಿಂತಿದ್ದವು, ಒಂದು ಮಗು ರಸ್ತೆಗೇ ಇಳಿದಿತ್ತು. ಹೇಳಲಿಲ್ಲ. ಕಸದ ಆಟೋ ಹಿಂಬದಿ ಬಾಗಿಲು ತೆರೆದುಕೊಂಡು ನಿಂತಿತ್ತು, ಅದನ್ನೂ ಹೇಳಲಿಲ್ಲ. ಬಲಗಡೆ ಮಾತ್ರ ದೂರದ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯನ್ನೂ ಬಿಡದೆ ಹೇಳುತ್ತಿದ್ದ. ಹೇಳಲಿಲ್ಲ ಅಂದರೆ ನೋಡಲಿಲ್ಲ. ಇಲ್ಲ, ಇರಲಾರದು, ಮರೆತಿರಬೇಕು ಅಂದುಕೊಳ್ಳುವಷ್ಟರಲ್ಲಿ ಎಡಗಡೆಯ ಅಡ್ಡರಸ್ತೆಯಿಂದ ಬೈಕೊಂದು ಹೊರಬಂತು. ಹಿಂದೆ ಒಬ್ಬಳು ಹೆಂಗಸು, ಅವಳ ತೊಡೆಯ ಮೇಲೆ ಕೂಸು. ಅಪ್ಪನ ಕಾಲು ಆಕ್ಸಿಲರೇಟರಿನ ಮೇಲೇ ಇತ್ತು.

"ಅಪ್ಪಾ, ಎಡಗಡೆ! ಬ್ರೇಕ್!"

ಹಾಲಿನ ಕ್ಯಾನುಗಳು ದಡದಡ ಉರುಳಿದವು. ಬೈಕು ನಮ್ಮ ಬಂಪರಿನ ಮುಂದೆಯೇ ವಾಲಾಡಿ ನಿಂತಿತು. "ಕಣ್ ಕಾಣಲ್ವೇನಯ್ಯಾ?" ಎಂದು ಬೈಕಿನವನು ಕಿರುಚಿ ಹೋದ. ಬೇರೆ ದಿನವಾಗಿದ್ದರೆ ಅಪ್ಪ ಅವನ ಏಳು ತಲೆಮಾರು ಜಾಲಾಡುತ್ತಿದ್ದ. ಅವತ್ತು ನನ್ನ ಮೇಲೆ ತಿರುಗಿದ. "ವಸಿ ಮೊದ್ಲೇ ಏಳ್ಬಾರ್ದಾ? ನಿಮ್ಮವ್ವ ಆಗಿದ್ರೆ ಆಗ್ಲೇ ಏಳಿರೋಳು!"

ಹೇಳಿದವನೇ ನಾಲಿಗೆ ಕಚ್ಚಿಕೊಂಡ. ಅವ್ವನ ಅಷ್ಟೂ ವಟವಟ ನನಗೆ ಒಂದೇ ಸಲ ಅರ್ಥವಾಯಿತು. ಅವಳು ತಲೆ ತಿನ್ನುತ್ತಿರಲಿಲ್ಲ. ಅಪ್ಪನಿಗೆ ಕಾಣದ ಅರ್ಧ ರಸ್ತೆಯನ್ನು ಅವಳು ಬಾಯಲ್ಲಿ ಹೇಳಿ ದಾಟಿಸುತ್ತಿದ್ದಳು.

"ಪಕ್ಕಕ್ಕೆ ಹಾಕು ಗಾಡಿ" ಎಂದೆ. ಅವನು "ಆಲು ಒಡೀತದೆ" ಎಂದ. "ಒಡೆದ್ರೆ ಒಡೀಲಿ!" ಎಂದು ಕಿರುಚಿ ಕೀ ಕಿತ್ತುಕೊಂಡೆ. ಅಪ್ಪ ಇಳಿದು, ಬಲಗೈಯಿಂದ ಪಂಚೆ ಎತ್ತಿ ಹಿಡಿದುಕೊಂಡು ಬಂದ ದಾರಿಯಲ್ಲೇ ನಡೆದುಹೋದ. ನಾನು ಒಬ್ಬಳೇ ಹಾಲು ಹಾಕಿ ಬಂದೆ. ಒಂದು ಮನೆಯ ಬಾಗಿಲಲ್ಲಿ ಅರ್ಧ ಹಾಲು ನೆಲಕ್ಕೇ ಸುರಿದೆ.

ಮನೆಗೆ ಬಂದು ಅವ್ವನ ಮೇಲೆ ಎಗರಾಡಿದೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ತಟ್ಟೆ ಎಡಕ್ಕೆ ಇಟ್ರೆ ತಡಕ್ತಾರೆ."

"ಸಾಯ್ತಿದ್ರಿ ಇಬ್ರೂ! ಬರೀ ನೀವಲ್ಲ, ಆ ಕೂಸು!"

"ಅದ್ಕೇ ತಾನೆ ನಾನ್ ಓಗ್ತಿದ್ದಿದ್ದು" ಎಂದಳು. ಆಮೇಲೆ ಸುಲಿಯುವುದನ್ನು ನಿಲ್ಲಿಸಿ, "ಒಲ ಓಯ್ತು. ಗಾಡೀನೂ ಓದ್ರೆ ಆ ಮನ್ಸ ಏನ್ ಮಾಡ್ತಾರೆ ಏಳು. ಗೋಡೆ ನೋಡ್ಕೊಂಡ್ ಕೂರ್ತಾರಾ?" ಎಂದಳು. ನನ್ನ ಸಿಟ್ಟು ಇಳಿಯಲಿಲ್ಲ.

ಅಪ್ಪ ಆಸ್ಪತ್ರೆಗೆ ಒಪ್ಪಲಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಮಂಜಾಗುತ್ತದೆ, ಅದಕ್ಕೇನು ಎಂದ. ಮಾರನೆಯ ಬೆಳಿಗ್ಗೆ ನಾನು ಡ್ಯೂಟಿಗೆ ಸಿದ್ಧಳಾಗುತ್ತಿದ್ದಾಗ ಅಂಗಳದಲ್ಲಿ ವ್ಯಾನಿನ ಸದ್ದಾಯಿತು. ಇನ್ನೊಂದು ಕೀ ಅವನ ಹತ್ತಿರವಿದೆಯೆಂದು ನನಗೆ ಗೊತ್ತಿರಲಿಲ್ಲ. ಕುಂಟುಗಾಲಿನ ಅವ್ವ ಆಗಲೇ ಪಕ್ಕದಲ್ಲಿ ಹತ್ತಿ ಕೂತಿದ್ದಳು. ಮೈಯೆಲ್ಲ ಉರಿಯಿತು. ತಲೆಗೂದಲು ಕಟ್ಟದೆ ಓಡಿಹೋಗಿ ವ್ಯಾನಿನ ಎಡಮೂಲೆಗೆ ಒತ್ತಿಕೊಂಡು ನಿಂತೆ. ಅವ್ವನಿಗೆ ಬಾಯಿ ತೆರೆಯಬೇಡವೆಂದು ಕೈಸನ್ನೆ ಮಾಡಿ, "ಅಪ್ಪಾ, ಕತ್ತು ತಿರುಗಿಸ್ದೆ ನೇರ ನೋಡ್ಕೊಂಡು ಹೇಳು. ನಾನು ಎಲ್ಲಿದ್ದೀನಿ? ಕೈ ಎತ್ತಿದೀನಾ, ಇಳಿಸಿದೀನಾ?" ಎಂದೆ.

ಕ್ರೂರವೆಂದು ಅನ್ನಿಸಬಹುದು. ಅನ್ನಿಸಲಿ. ಇವತ್ತು ಅದೇ ಪ್ರಸಂಗ ಬಂದರೂ ಅದನ್ನೇ ಮಾಡುತ್ತೇನೆ. ಅಪ್ಪ ಬಹಳ ಹೊತ್ತು ನೇರವಾಗಿ ನೋಡುತ್ತಾ ಕೂತ. ಅವ್ವ ಹೇಳಿಕೊಡಲಿಲ್ಲ. ಕೊನೆಗೆ ಅಪ್ಪ ಎಂಜಿನ್ ಆರಿಸಿ, "ಡಾಕ್ಟ್ರು ಏಳ್ಲಿ. ಡಾಕ್ಟ್ರು ಬ್ಯಾಡ ಅಂದ್ರೆ ಬಿಡ್ತೀನಿ, ನಿನ್ ಮಾತಿಗಲ್ಲ" ಎಂದ. ನಾನು ಡ್ಯೂಟಿಗೆ ರಜೆ ಹೇಳಿ ಅವತ್ತೇ ಇಬ್ಬರನ್ನೂ ಕರೆದುಕೊಂಡು ಹೋದೆ.

ಕಣ್ಣಾಸ್ಪತ್ರೆಯಲ್ಲಿ ಅಪ್ಪನ ಗದ್ದವನ್ನು ಒಂದು ಯಂತ್ರದ ಮೇಲೆ ಊರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಒಂದೊಂದು ಕಣ್ಣಿಗೂ ಬೇರೆ ಬೇರೆ. ಬಲಗಣ್ಣಿಗೆ ಒತ್ತುತ್ತಿದ್ದ. ಎಡಗಣ್ಣಿನ ಸರದಿಯಲ್ಲಿ ಅವನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾಯುತ್ತಾ ಇತ್ತು. ಅಲ್ಲೇ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನನ್ನ ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು. ಡಾಕ್ಟರು ಮೆಲ್ಲಗೆ ಹೇಳಿದರು: ಒಳಗಿನ ಒತ್ತಡ ಜಾಸ್ತಿಯಾಗಿ ಎಡಗಣ್ಣಿನ ನರ ಹೆಚ್ಚುಕಡಿಮೆ ಹೋಗಿದೆ, ಅದು ವಾಪಸು ಬರುವುದಿಲ್ಲ. ಬಲಗಣ್ಣಿಗೂ ಅಂಚಿನಲ್ಲಿ ಶುರುವಾಗಿದೆ, ದಿನಾ ತಪ್ಪದೆ ಡ್ರಾಪ್ಸ್ ಹಾಕಿದರೆ ಉಳಿಸಿಕೊಳ್ಳಬಹುದು. ಅವ್ವ "ಗಾಡಿ, ಸಾರ್?" ಎಂದಳು. "ಬೇಡಮ್ಮ" ಎಂದರು. ಅಪ್ಪ ಇನ್ನೊಂದು ಕೀಯನ್ನು ಅಂಗಿಜೇಬಿನಿಂದ ತೆಗೆದು, ನನ್ನ ಮುಖ ನೋಡದೆ ಕೈಗೆ ಕೊಟ್ಟ.

ವ್ಯಾನಿನಲ್ಲಿ ನಾನು ಸ್ಟೇರಿಂಗಿಗೆ ಕೂತೆ. ಅಪ್ಪ ಮುಂದೆ ಬರಲಿಲ್ಲ, ಹಿಂದಿನ ಸೀಟಿಗೆ ಹತ್ತಿದ. ಅವ್ವ ಅವನ ಎಡಪಕ್ಕಕ್ಕೆ ಕೂತು ಬಾಗಿಲು ಎಳೆದುಕೊಂಡಳು. ಎಂಜಿನ್ ಹಚ್ಚಿ ಕನ್ನಡಿ ಸರಿಮಾಡಿಕೊಂಡೆ.

"ಇರು" ಎಂದ ಅಪ್ಪ.

ಮತ್ತೆ ಜಗಳ ತೆಗೆಯುತ್ತಾನೆ ಅಂದುಕೊಂಡೆ. ಅವನು ಅವ್ವನಿಗೆ, "ನೀನ್ ಈ ಕಡೆ ಬಾ" ಎಂದ.

"ಯಾಕೆ, ಬಿಸ್ಲಾ?"

"ಬಿಸ್ಲಲ್ಲ. ಆ ಕಡೆ ಕೂತ್ರೆ ನೀನು ಕಾಣಲ್ಲ ನಂಗೆ."

ಅವ್ವ ಉಳುಕಿದ ಕಾಲನ್ನು ಎತ್ತಿಟ್ಟುಕೊಂಡು, ಅವನ ಮೊಣಕಾಲುಗಳನ್ನು ಹಾದು ಬಲಗಡೆಗೆ ಹೋಗಿ ಕೂತಳು. ಅಪ್ಪ ಅವಳ ಮುಖ ನೋಡಿದ, ನೋಡುತ್ತಲೇ ಇದ್ದ. ನನಗೆ ಕನ್ನಡಿ ಮಸುಕಾಯಿತು, ಮುಂದಿನ ಗಾಜೂ ಮಸುಕಾಯಿತು. ಆ ಕಣ್ಣಿನಲ್ಲಿ ಓಡಿಸುವ ಹಾಗಿರಲಿಲ್ಲ. ಎಂಜಿನ್ ಆರಿಸಿ, ಅಳು ನಿಲ್ಲುವ ತನಕ ಆಸ್ಪತ್ರೆಯ ಅಂಗಳದಲ್ಲೇ ಕೂತಿದ್ದೆ.