ದೇವರ ಗೂಡಿನ ಇನ್ಸುಲಿನ್

ಮೊಳಕಾಲ್ಮುರಿನಲ್ಲಿರುವ ನನ್ನ ತಂಗಿ ಸರೋಜಳ ಮನೆಯ ದೇವರ ಗೂಡಿನಲ್ಲಿ, ಹಗಲಿರುಳೂ ಉರಿಯುವ ನಂದಾದೀಪಕ್ಕೆ ಒತ್ತಿಕೊಂಡಂತೆ, ಕುಂಕುಮದ ಭರಣಿಯ ಪಕ್ಕ ಒಂದು ಪುಟ್ಟ ಗಾಜಿನ ಶೀಷೆ ಇರುತ್ತಿತ್ತು. ಇನ್ಸುಲಿನ್. ಜೀವ ಕಾಯುವುದನ್ನು ಇನ್ನೆಲ್ಲಿಡಬೇಕು, ನೀವೇ ಹೇಳಿ! ಮನೆಯಲ್ಲಿ ಫ್ರಿಜ್ ಇರಲಿಲ್ಲ, ಭಕ್ತಿ ಇತ್ತು. ಚಳ್ಳಕೆರೆಯಿಂದ ಹೋದಾಗಲೆಲ್ಲ ಆ ಗೂಡನ್ನು ನೋಡಿ ‘ಹೌ ಟಚಿಂಗ್’ ಎಂದುಕೊಳ್ಳುತ್ತಿದ್ದೆ.

ಆ ಬೇಸಿಗೆ ಸರೋಜಳ ಶುಗರ್ ಇಳಿಯಲೇ ಇಲ್ಲ. ಡಾಕ್ಟರು ಡೋಸ್ ಏರಿಸಿದರು, ಮನೆಯವರು ದನಿ ಏರಿಸಿದರು.

“ಕದ್ದು ಏನೋ ತಿಂತೀಯ ಬಿಡೇ,” ಎಂದು ನೇಯುತ್ತ ಕುಳಿತ ಮಗ್ಗದ ಗುಂಡಿಯಿಂದಲೇ ಗಂಡ ಮಂಜಣ್ಣ ಹಂಗಿಸುತ್ತಿದ್ದ.

“ದೀಪ ಮುಟ್ಟಿ ಹೇಳ್ತೀನಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಲ್ಲ,” ಎಂದು ಅವಳು ಅಳುತ್ತಿದ್ದಳು. ಯಾರೂ ನಂಬಲಿಲ್ಲ.

ಅವಳ ಮಗಳು ವೀಣಾ ಆಗ ಹೈದರಾಬಾದಿನಲ್ಲಿ, ದೇಹದೊಳಗಿನ ಅಣುಗಳನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ರಿಸರ್ಚ್ ಮಾಡುತ್ತಿದ್ದಳು. ರಜೆಗೆ ಬಂದವಳು, ನಾನೂ ಅಲ್ಲಿದ್ದ ಒಂದು ದಿನ, ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು, “ನೋಡವ್ವ, ನೀನು ಚುಚ್ಕೊಳ್ಳೋ ಇನ್ಸುಲಿನ್ ಹಿಂಗೈತೆ,” ಎಂದಳು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬರೆದ ಮಾಲಿಕ್ಯೂಲ್ ಬರೆದ ಕಡೆಯೇ ನಿಂತಿರುತ್ತಿತ್ತು. ಇದೋ, ನೀರಿನ ಕಣಗಳ ನೂಕುನುಗ್ಗಲಿನ ನಡುವೆ ಬಣ್ಣದ ರಿಬ್ಬನ್ನಿನಂತೆ ಸುರುಳಿ ಸುತ್ತಿಕೊಂಡು, ಜ್ವರದ ಮಗುವಿನ ಹಾಗೆ ಒಂದೇ ಸಮನೆ ನಡುಗುತ್ತಿತ್ತು. ಒಂದೊಂದು ಪರಮಾಣುವನ್ನೂ ಯಾವುದು ಎಳೆಯುತ್ತದೆ, ಯಾವುದು ತಳ್ಳುತ್ತದೆ ಎಂದು ಲೆಕ್ಕ ಹಾಕಿ, ಇಷ್ಟೇ ಇಷ್ಟು ಸರಿಸಿ, ಮತ್ತೆ ಲೆಕ್ಕ ಹಾಕುತ್ತದಂತೆ ಯಂತ್ರ. ವಾರಗಟ್ಟಲೆ ದುಡಿದರೂ ಅದರೊಳಗೆ ರೆಪ್ಪೆ ಬಡಿಯುವಷ್ಟು ಕಾಲವೂ ಕಳೆದಿರುವುದಿಲ್ಲವಂತೆ. ಮೈ ಗಾಡ್!

ಆಮೇಲೆ, ಅದನ್ನೇ ಕಂಪ್ಯೂಟರಿನಲ್ಲಿ ಮೊದಲೇ ಕಾಯಿಸಿಟ್ಟಿದ್ದನ್ನು ತೋರಿಸಿದಳು. ಬೇಗ ಕಾಣಲೆಂದು ಕುದಿನೀರಿಗೂ ಮೀರಿದ ಕಾವು ಕೊಟ್ಟಿದ್ದಳಂತೆ. ಸುರುಳಿ ಸಡಿಲಾಯಿತು, ಬಿಚ್ಚಿತು, ಲಾಳಿಯಿಂದ ಜಾರಿದ ರೇಷ್ಮೆ ಎಳೆಯಂತೆ ಸಿಕ್ಕುಸಿಕ್ಕಾಗಿ ಬಿದ್ದಿತು.

“ಹಿಂಗಾದ್ರೆ ಮುಗೀತು, ಕೆಲಸಕ್ಕೆ ಬರಲ್ಲ. ಸಣ್ಣ ಕಾವಲ್ಲೂ ಕೆಡ್ತೈತೆ, ನಿಧಾನಕ್ಕೆ ಅಷ್ಟೇ.”

ಎಲ್ಲರ ಕಣ್ಣೂ ಒಟ್ಟಿಗೇ ಗೂಡಿನ ಕಡೆ ತಿರುಗಿದವು. ಮಗ್ಗದ ಸದ್ದು ನಿಂತಿತು. ನಾನೇ ಎದ್ದು ಶೀಷೆಯನ್ನು ಕೈಗೆತ್ತಿಕೊಂಡೆ. ಈಗತಾನೇ ಇಟ್ಟ ಮೊಟ್ಟೆಯಂತೆ ಬೆಚ್ಚಗಿತ್ತು. ಬೆಳಕಿಗೆ ಹಿಡಿದರೆ ತಿಳಿನೀರು, ಒಂದು ಕಲೆಯಿಲ್ಲ. ಒಳಗೆ ಸರ್ವನಾಶವಾಗಿದ್ದರೂ ಹೊರಗೆ ಇಷ್ಟು ನಿರ್ಮಲವಾಗಿರಲು ಸಾಧ್ಯವೇ! ಕಣ್ಣಿಗೆ ಕಾಣುವ ತಿಳಿಯನ್ನು ನಂಬಿ, ಕಣ್ಣೆದುರಿನ ಮನುಷ್ಯರನ್ನು ನಂಬದೆ ಹೋಗುವುದು ಎಷ್ಟು ಸುಲಭ, ಗೆಳೆಯರೇ.

“ಅಂದ್ರೆ, ನಾನು ಕದ್ದು ತಿಂದಿಲ್ಲ ಅಂತ ಈಗ ನಂಬ್ತೀರಾ?” ಎಂದಳು ಸರೋಜ, ಮೆಲ್ಲಗೆ.

ಮಂಜಣ್ಣ ಚಪ್ಪಲಿ ಮೆಟ್ಟಿ ಡಾಕ್ಟರ ಬಳಿಗೆ ಓಡಿದ. ಹೊಸ ಶೀಷೆಯ ಇನ್ಸುಲಿನ್ನಿಗೆ ಶುಗರ್ ಬಗ್ಗಿತು, ಡಾಕ್ಟರೇ ಡೋಸ್ ಇಳಿಸಿದರು.

ಈಗ ಶೀಷೆಯ ವಾಸ ಒದ್ದೆ ಮರಳು ತುಂಬಿದ ಮಡಕೆಯೊಳಗೆ. ಮಡಕೆಗೂ ಕುಂಕುಮವಿಟ್ಟಿದ್ದಾಳೆ ಮಹರಾಯ್ತಿ! ಗೂಡಿನಲ್ಲಿ ದೀಪ ಮಾತ್ರ ಎಂದಿನಂತೆ ಉರಿಯುತ್ತಿದೆ. “ಅದರ ಮೇಲೆ ಸಿಟ್ಟು ಬರಲ್ವೇನೇ?” ಎಂದು ಮೊನ್ನೆ ಕೇಳಿದೆ.

ಬತ್ತಿಯನ್ನು ಸರಿಮಾಡುತ್ತ ಸರೋಜ ಅಂದಳು: “ಯಾಕಕ್ಕ? ಕದ್ದು ತಿಂದೆ ಅಂತ ಈ ಮನೇಲಿ ಅದೊಂದೇ ಅನ್ಲಿಲ್ಲ.”