ಪೆಂಗ್ವಿನ್ನೂ ಕೊಂಬಿನ ಮರಿಯೂ

ಸಾತನೂರಿನಲ್ಲಿ ಕೇಬಲ್ ಟೀವಿ ನಡೆಸುತ್ತಿದ್ದ ನನ್ನ ಸಹಪಾಠಿಗೆ ಇಂಟರ್ನೆಟ್ ಕೊಡುವ ಲೈಸೆನ್ಸ್ ಸಿಕ್ಕಿತು. ಮಾಗಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನಗೆ ಅವತ್ತೇ ಫೋನು ಬಂತು.

"ಲೇ, ಸರ್ವರ್ ತಂದಿವ್ನಿ. ಅದ್ರೊಳಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕ್ಬೇಕು ಅಂತ ನೀನೇ ಹೇಳ್ಬೇಕು ಕಣ್ಲಾ."

ಊರಿನ ಮನೆಗಳಿಗೆಲ್ಲ ಇಂಟರ್ನೆಟ್ ಹಂಚುವ ಯಂತ್ರವನ್ನು ಆಡಿಸುವ ಸಾಫ್ಟ್‌ವೇರ್ ಅದು. ಪುಕ್ಕಟೆ ಸಿಗುವ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು: ಲಿನಕ್ಸ್ ಅಥವಾ ಫ್ರೀಬಿಎಸ್‌ಡಿ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಕಾಲೇಜಿನ ಹೊರಗೆ ಯಾರೂ ನನ್ನ ಸಲಹೆ ಕೇಳಿದ್ದೇ ಇಲ್ಲ. ಹನ್ನೊಂದು ಪುಟದ ವರದಿ ಬರೆದೆ. ಎರಡರ ಗುರುತುಗಳನ್ನೂ ಮೊದಲ ಪುಟದಲ್ಲಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ರಾಮನಗರದಲ್ಲೊಮ್ಮೆ ಕನಕಪುರದಲ್ಲೊಮ್ಮೆ ಬಸ್ಸು ಬದಲಿಸಿ ಸಾತನೂರು ಸೇರಿದೆ.

ಜಗಲಿಯಲ್ಲಿ ಅವನ ತಾಯಿ ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದರು. ಗೆಳೆಯ ಮೊದಲ ಪುಟ ನೋಡಿದವನು ಎರಡನೆಯದಕ್ಕೆ ಹೋಗಲೇ ಇಲ್ಲ.

"ಏನ್ಲಾ ಇದು? ಕೊಂಬೈತೆ, ಬಾಲ ಐತೆ. ದೆವ್ವ ಅಲ್ವಾ?"

ಫ್ರೀಬಿಎಸ್‌ಡಿಯ ಗುರುತೇ ಅದು, ಬೂಟು ಹಾಕಿದ ಕೆಂಪು ಮೈಯ ಮರಿ ದೆವ್ವ. "ಬರೀ ಚಿತ್ರ ಕಣೋ" ಎಂದೆ.

"ಹೊಸ ಬಿಸಿನೆಸ್ಸಿಗೆ ದೆವ್ವಾನ ಕೂರ್ಸಾಕಾಯ್ತದಾ?"

ನನಗೆ ಒಳಗೊಳಗೇ ಖುಷಿ. ನನ್ನ ವರದಿಯ ತೀರ್ಪೂ ಲಿನಕ್ಸ್ ಕಡೆಗೇ ಇತ್ತು. ಅಷ್ಟರಲ್ಲಿ ಅವ್ವ ಕೈ ಒರೆಸಿಕೊಂಡು ಪುಟ ಇಸಿದುಕೊಂಡರು.

"ಕೈಯಾಗೆ ತ್ರಿಶೂಲ ಐತಲ್ಲೋ! ದೆವ್ವ ತ್ರಿಶೂಲ ಹಿಡೀತದಾ? ಯಾವ್ದೋ ದೇವ್ರ ಗಣ ಕಣ್ರಪ್ಪಾ. ಬೂಟು ಬಿಚ್ಚಿಸಿ ಒಳಕ್ಕೆ ಕರ್ಕಳಿ." ಆಮೇಲೆ ಲಿನಕ್ಸಿನ ಪೆಂಗ್ವಿನ್ ಕಡೆ ಕಣ್ಣು ಹಾಯಿಸಿದರು. "ಈ ಹೊಟ್ಟೆಬಾಕ ಕಾಗೆ ಯಾಕ್ ಬೇಕು? ಕುಂತಿರೋದ್ ನೋಡು, ಎದ್ದು ಕೆಲ್ಸ ಮಾಡೋ ಹಂಗೈತಾ?"

ಗೆಳೆಯ ಅಲ್ಲೇ ಪಕ್ಷ ಬದಲಿಸಿದ. ಆಗ ಮೊದಲ ಸಲ ವರದಿಯ ಪುಟ ತಿರುವಿದ. ಎರಡೂ ಅಷ್ಟೇ ಗಟ್ಟಿ ಎಂದು ನಾನೇ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟ. "ಮತ್ತಿನ್ನೇನು? ತ್ರಿಶೂಲದ್ದೇ ಹಾಕ್ಬುಡು."

ಕೊನೆಗೂ ನಿಜ ಹೇಳಿದೆ. "ಅದು ನಂಗೆ ಬರಲ್ಲ ಕಣೋ. ನಂಗೆ ಬರೋದು ಲಿನಕ್ಸ್ ಒಂದೇ."

ಅವನು ಹನ್ನೊಂದು ಪುಟವನ್ನೂ ಕೈಯಲ್ಲಿ ತೂಗಿದ. "ಹಂಗಾರೆ ಇದ್ರಲ್ಲೆಲ್ಲ ಏನ್ಲಾ ಬರ್ದಿದ್ದೀಯ?"

"ಅದನ್ನೇ. ಒಸಿ ಉದ್ದಕ್ಕೆ."

ಅವ್ವನಿಗೆ ನಗು ತಡೆಯಲಾಗಲಿಲ್ಲ. "ಮೊದ್ಲೇ ಅನ್ಬಾರ್ದಾ ಮಗ? ಮೇಯ್ಸಿ ಗೊತ್ತಿರೋ ಹುಳಾನೇ ಮೇಯ್ಸಬೇಕು. ನಿಂಗೆ ಬರೋದ್ನೇ ಹಾಕು."

ಊಟ ಮುಗಿಸಿ ಲಿನಕ್ಸ್ ಹಾಕಿದೆ. ಗೆಳೆಯ ಪಕ್ಕದಲ್ಲೇ ಕೂತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಮೊದಲ ಸಂಪರ್ಕ ವೈಫೈ ಸಮೇತ ಹಾಲಿನ ಡೇರಿಗೆ ಹೋಯಿತು. ಸಂಜೆ ಬಸ್ಸಿಗೆ ಹೊರಟಾಗ ಅಲ್ಲಿ ನಿಂತು ನೋಡಿದೆ. ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ಮೊಬೈಲು ಹಿಡಿದು ನಿಂತಿದ್ದರು. ಡೇರಿಯ ಕಾರ್ಯದರ್ಶಿ ಮಾತ್ರ ಒಂದೇ ಸಮನೆ ಕೂಗುತ್ತಿದ್ದ: "ಮೊದ್ಲು ಹಾಲು ಅಳೆಸ್ರಪ್ಪೋ!"