ಬರ್ತೇನಿ ಅಂದವರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಟಿಕೋಟಾದಲ್ಲಿರುವ ತಂಗಿಯ ಮಗಳಿಗೆ ಆಟಿಸಂ ಎಂದು ಡಾಕ್ಟರು ಹೇಳಿದ ಮೇಲೆ ಆ ಸಿಟ್ಟಿಗೆ ಕೈತುಂಬಾ ಕೆಲಸ ಸಿಕ್ಕಿತು. ತಾಯಿ ಮೊಬೈಲು ಕೊಟ್ಟು ಕೆಡಿಸಿದಳು ಎಂದವರನ್ನೂ, ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆ ಎಂದವರನ್ನೂ ನಾನು ಸುಮ್ಮನೆ ಬಿಡಲಿಲ್ಲ. ಇದು ಯಾರ ತಪ್ಪೂ ಅಲ್ಲ, ಹುಟ್ಟಿನಿಂದಲೇ ಬಂದದ್ದು, ಈ ಮಕ್ಕಳೂ ಒಬ್ಬರಿದ್ದಂತೆ ಒಬ್ಬರಿರುವುದಿಲ್ಲ ಎಂದು ಡಾಕ್ಟರ ಮಾತನ್ನೇ ಒಪ್ಪಿಸುತ್ತಿದ್ದೆ. ದೊಡ್ಡ ಶಾಣ್ಯಾಕಿ ನಾನು!

ಆದರೆ ನನ್ನೊಳಗೇ ಒಂದು ಮುಳ್ಳಿತ್ತು. ಎಂಟು ವರ್ಷದ ಆ ಹುಡುಗಿ ನನ್ನ ಮುಖ ನೋಡುತ್ತಿರಲಿಲ್ಲ. ವಿಜಯಪುರದಿಂದ ಅವಳಿಗೆಂದೇ ಶೇಂಗಾ ಚಿಕ್ಕಿ ಒಯ್ದರೆ, ತಿಂದು ತನ್ನ ಪಾಡಿಗೆ ಹೋಗುತ್ತಿದ್ದಳು. ಹೊರಡುವಾಗ ‘ಬರ್ತೇನಿ’ ಎಂದರೂ ತಲೆ ಎತ್ತುತ್ತಿರಲಿಲ್ಲ. ಇದಕ್ಕೆ ಕರುಳೇ ಇಲ್ಲ ಎಂದುಕೊಂಡು ಬಸ್ಸಿನಲ್ಲಿ ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದೇನೆ.

ಒಂದು ರವಿವಾರ ಸಂಜೆ ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ ಓದುವ ಕನ್ನಡಕ, ನಮ್ಮ ಚಾಳೀಸು, ಮರೆತದ್ದು ನೆನಪಾಗಿ ಮರಳಿ ಬಂದೆ. ಹೊಸ್ತಿಲ ಹೊರಗೆ ತುಂಬಿದ ತಂಬಿಗೆ ಇತ್ತು. ಪಕ್ಕದಲ್ಲಿ ಅವಳು ಕುಳಿತಿದ್ದಳು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಾಲು ತೊಳೆದುಕೊಳ್ಳಲು ತಂಬಿಗೆಯನ್ನು ನನ್ನ ಕಡೆ ಸರಿಸಿದಳು, ಅಷ್ಟೇ.

ಯಾರಿಗೆ ಇಟ್ಟಿದ್ದಾಳೆ ಎಂದು ತಂಗಿಯನ್ನು ಕೇಳಿದೆ.

“ಅಕ್ಕಾ, ಹೋಗೂಮುಂದ ನೀ ಬರ್ತೇನಿ ಅಂತಿಯಲ್ಲ, ಆಕಿ ಅದನ್ನ ಖರೇ ಅಂತ ತಿಳಿದಾಳ. ಪ್ರತಿಸಲ ಹಿಂಗ ನೀರಿಟ್ಟು, ನಿದ್ದಿ ಬರೂಮಟ ಇಲ್ಲೇ ಕುಂಡ್ರತಾಳ. ನಿನಗ ಸಂಕಟ ಆಗ್ತದಂತ ಹೇಳಿರಲಿಲ್ಲ.”

ಹೊಸ್ತಿಲ ಮೇಲೆಯೇ ಕುಳಿತೆ. ಹೋಗುವವರು ‘ಹೋಗ್ತೇನಿ’ ಎನ್ನಬಾರದು, ಅಪಶಕುನ. ಅದಕ್ಕೇ ನಾವೆಲ್ಲ ‘ಬರ್ತೇನಿ’ ಎನ್ನುತ್ತೇವೆ. ಆ ಮಾತನ್ನು ಖರೇ ಎಂದು ನಂಬಿದವರು ಯಾರಿದ್ದಾರೆ? ಈ ಮಗು ನಂಬಿತ್ತು. ನಾನು ಕರುಳಿಲ್ಲ ಎಂದ ಮಗು, ನನಗಾಗಿ ಎಷ್ಟು ಸಂಜೆ ಈ ಹೊಸ್ತಿಲಲ್ಲಿ ಕಾದಿತ್ತೋ! ಇಂಥ ನಂಬಿಕೆಯನ್ನು ನಾನು ಯಾವ ಗುಡಿಯಲ್ಲೂ ಕಂಡಿರಲಿಲ್ಲ.

ಆ ತಂಬಿಗೆಯ ನೀರಿನಲ್ಲೇ ಕಾಲು ತೊಳೆದೆ. ಮತ್ತೆ ಹೊರಡುವಾಗ ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಹೇಳಿದೆ:

“ಈಗ ನಾ ಹೋಗ್ತೇನಿ. ಮುಂದಿನ ರವಿವಾರ ಬರ್ತೇನಿ.”

ಆ ಅಪಶಕುನದ ಮಾತಿಗೆ ತಂಗಿಯ ಮುಖ ಸಣ್ಣದಾಯಿತು. ಹುಡುಗಿ ಮಾತ್ರ ಗೋಡೆ ನೋಡುತ್ತಲೇ “ರವಿವಾರ” ಎಂದಳು. ಖಾಲಿ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಅಂದು ಹೊಸ್ತಿಲಲ್ಲಿ ಕೂರದೆ, ಉಂಡು ಮಲಗಿದಳಂತೆ.

ಮುಂದಿನ ರವಿವಾರ ನನಗೆ ಮೈ ಕಾದಿತ್ತು, ಬಸ್ಸೂ ಬರಲಿಲ್ಲ. ಹಿಂದೆಲ್ಲ ಆಗಿದ್ದರೆ ಮನೆಗೆ ಮರಳಿ ಮಲಗುತ್ತಿದ್ದೆ. ಈ ಸಲ ಟಂಟಂ ಆಟೋ ಹತ್ತಿ, ನಾಲ್ಕು ಜನರ ನಡುವೆ ಒತ್ತಿಕೊಂಡು ಟಿಕೋಟಾ ಸೇರಿದೆ. ಹೊಸ್ತಿಲ ಹೊರಗೆ ತಂಬಿಗೆ ತುಂಬಿತ್ತು.